ದೈವವೂ ಚುಕ್ಕಾಣಿಯೂ

ನೆಲದ ಮೇಲೆ ಆಪತ್ತೊದಗಿದರೆ ಜನರು ಕಾರಣವನ್ನು ಹುಡುಕುತ್ತಾರೆ. ಮನೆ ಕುಸಿದರೆ ಗೋಡೆ ಕಟ್ಟಿದವನು ಯಾರೆಂದು ಕೇಳುತ್ತಾರೆ. ಗಾಡಿ ಉರುಳಿದರೆ ಹೊಡೆದವನನ್ನು ವಿಚಾರಿಸುತ್ತಾರೆ. ಕಡಲಿನಲ್ಲಿ ಹಡಗು ಮುಳುಗಿತೆಂದರೆ ಮಾತ್ರ ಯಾವುದಾದರೊಂದು ಗಾಳಿಯ ಹೆಸರನ್ನು ಹೇಳಿ, ದೈವೇಚ್ಛೆಯೆಂದು ನಿಟ್ಟುಸಿರಿಟ್ಟು ಸುಮ್ಮನಾಗುವುದು ಬಹುಕಾಲದ ವಾಡಿಕೆ. ಸಮುದ್ರವು ಅಷ್ಟು ದೊಡ್ಡದು, ಮನುಷ್ಯನು ಅಷ್ಟು ಚಿಕ್ಕವನು. ಆದುದರಿಂದ ಈ ವಾಡಿಕೆ ಹುಟ್ಟಿದ್ದು ಆಶ್ಚರ್ಯವಲ್ಲ. ಆದರೆ ಅದು ಸಾಧುವೇ? ದೈವವೆಂಬ ಮಾತನ್ನು ಯಾರು, ಯಾವಾಗ, ಯಾರ ಮುಂದೆ ಆಡಬಹುದು? ಹರೆಯದ ಮಕ್ಕಳನ್ನು ಪರರ ಕೈಗೊಪ್ಪಿಸಿ ದೂರಕ್ಕೆ ಕಳುಹಿಸುವ ಕಾಲವಿದು. ಹೀಗಿರಲು ಈ ಪ್ರಶ್ನೆಯು ಕೇವಲ ಶಾಸ್ತ್ರಿಗಳ ವಾದಕ್ಕೆ ಮೀಸಲಾದುದಲ್ಲ, ಪ್ರತಿಯೊಂದು ಮನೆಗೂ ಸೇರಿದ್ದು. ಒಂದೆರಡು ನಿಜವಾದ ಪ್ರಸಂಗಗಳನ್ನು ಎದುರಿಗಿಟ್ಟುಕೊಂಡು ಇದನ್ನು ವಿಚಾರಿಸುವುದು ಲೇಸು.

ಕೆನಡಾ ದೇಶದ ವಿದ್ಯಾಸಂಸ್ಥೆಯೊಂದು ಹಡಗನ್ನೇ ಪಾಠಶಾಲೆಯನ್ನಾಗಿ ಮಾಡಿಕೊಂಡು ವಿದ್ಯಾರ್ಥಿಗಳನ್ನು ಪರದೇಶಗಳ ಕರಾವಳಿಯುದ್ದಕ್ಕೂ ಕರೆದೊಯ್ಯುವ ಪದ್ಧತಿಯನ್ನು ನಡೆಸಿಕೊಂಡು ಬಂದಿತ್ತು. 1992ರಲ್ಲಿ ಪೋಲೆಂಡಿನಲ್ಲಿ ಕಟ್ಟಿದ ಆ ಹಡಗಿನ ಹೆಸರು ಕಾನ್ಕಾರ್ಡಿಯಾ. ಉಕ್ಕಿನ ಒಡಲು, ಮೂರು ಕೂವೆಮರಗಳು. ಮುಂದಿನ ಕೂವೆಗೆ ಅಡ್ಡಮರಗಳಿಂದ ತೂಗುವ ಚೌಕದ ಹಾಯಿಗಳು, ಹಿಂದಿನೆರಡಕ್ಕೆ ಹಡಗಿನ ಉದ್ದಕ್ಕೆ ಹರಡುವ ಹಾಯಿಗಳು. ವಿದ್ಯಾರ್ಥಿಗಳು ಅದರಲ್ಲಿ ಪ್ರಯಾಣಿಕರಾಗಿ ಕುಳಿತಿರುತ್ತಿರಲಿಲ್ಲ. ಗಣಿತ, ಜೀವಶಾಸ್ತ್ರ, ಸಾಹಿತ್ಯಗಳನ್ನು ಕಲಿಯುವುದರ ಜೊತೆಗೆ ಹಗ್ಗವನ್ನೆಳೆಯುವುದು, ಪಹರೆ ನಿಲ್ಲುವುದು, ಹಲಗೆಗಳನ್ನು ತೊಳೆಯುವುದು ಇವೂ ಅವರ ಪಾಠಗಳೇ ಆಗಿದ್ದುವು. ಗುರುಕುಲದಲ್ಲಿ ಸಮಿತ್ತನ್ನು ತರುವ ಕೆಲಸಕ್ಕೂ ವೇದಾಧ್ಯಯನಕ್ಕೂ ನಡುವೆ ಗೋಡೆಯಿರಲಿಲ್ಲವೆಂಬುದನ್ನು ಬಲ್ಲವರಿಗೆ ಈ ಪದ್ಧತಿಯ ತಿರುಳನ್ನು ಬಿಡಿಸಿ ಹೇಳಬೇಕಾದುದಿಲ್ಲ. ಸಹಪಾಠಿಗಳಾಗಿ ಬಂದವರು ಕೆಲವು ವಾರಗಳಲ್ಲಿ ಸಹಕರ್ಮಿಗಳಾಗುತ್ತಿದ್ದರು; ಒಬ್ಬನು ಕಟ್ಟಿದ ಗಂಟಿನ ಮೇಲೆ ಇನ್ನೊಬ್ಬನು ತನ್ನ ಭಾರವನ್ನು ಬಿಡಬೇಕಾಗುವ ಸ್ಥಳದಲ್ಲಿ ಸ್ನೇಹಕ್ಕೆ ಬರುವ ಅರ್ಥವೇ ಬೇರೆ.

2010ನೆಯ ಇಸವಿ ಫೆಬ್ರವರಿ 8ರಂದು ಈ ಹಡಗು ಬ್ರೆಜಿಲ್ ದೇಶದ ರೆಸಿಫೆ ಬಂದರವನ್ನು ಬಿಟ್ಟು, ತೆಂಕಣ ದಿಕ್ಕಿಗೆ, ಉರುಗ್ವೆಯ ಮಾಂಟೆವಿಡಿಯೋ ಪಟ್ಟಣದ ಕಡೆಗೆ ಹೊರಟಿತು. ಹಡಗಿನಲ್ಲಿ 48 ಮಂದಿ ವಿದ್ಯಾರ್ಥಿಗಳು, 8 ಮಂದಿ ಅಧ್ಯಾಪಕರು, 8 ಮಂದಿ ನಾವಿಕರು, ಒಟ್ಟು 64 ಜನ. ಫೆಬ್ರವರಿ 17ರ ಮಧ್ಯಾಹ್ನ, ರಿಯೋ ಡಿ ಜನೈರೊ ನಗರದಿಂದ ಸುಮಾರು 550 ಕಿಲೋಮೀಟರು ದೂರದ ಕಡಲಿನಲ್ಲಿ, ಗಾಳಿಯ ಹೊಡೆತಕ್ಕೆ ಹಡಗು ಒಂದು ಪಕ್ಕಕ್ಕೆ ವಾಲಿತು. ವಾಲಿದ್ದು ಮತ್ತೆ ಮೇಲೇಳಲಿಲ್ಲ. ತೆರೆದಿದ್ದ ಬಾಗಿಲುಗಳಿಂದ ನೀರು ನುಗ್ಗಿತು. ವಿದ್ಯಾರ್ಥಿಗಳೂ ಅಧ್ಯಾಪಕರೂ ನಾವಿಕರೂ ಒರಗಿಬಿದ್ದ ಹಡಗಿನಿಂದ ಜೀವರಕ್ಷಕ ತೆಪ್ಪಗಳಿಗೆ ಇಳಿದರು. ಹಡಗು ತಳವನ್ನು ಸೇರಿತು. ಆಪತ್ತಿನ ಸಂಕೇತವನ್ನು ತಾನಾಗಿಯೇ ಬಿತ್ತರಿಸುವ ಯಂತ್ರವೊಂದು ಮಾತ್ರ ತನ್ನ ಕೆಲಸವನ್ನು ಮಾಡುತ್ತಿತ್ತು. ಮರುದಿನ ಬ್ರೆಜಿಲಿನ ವಿಮಾನವೊಂದು ತೆಪ್ಪಗಳನ್ನು ಗುರುತಿಸಿತು. ಹೊಕುಯೆತ್ಸು ಡಿಲೈಟ್, ಕ್ರಿಸ್ಟಲ್ ಪಯೊನೀರ್ ಎಂಬ ಎರಡು ವ್ಯಾಪಾರದ ಹಡಗುಗಳು ದಾರಿಯನ್ನು ತಿರುಗಿಸಿಕೊಂಡು ಬಂದು, ಮುಳುಗಿದ ಸುಮಾರು 40 ಗಂಟೆಗಳ ತರುವಾಯ ಅವರನ್ನು ಎತ್ತಿಕೊಂಡುವು. ಅರುವತ್ತನಾಲ್ವರಲ್ಲಿ ಒಬ್ಬರೂ ಸಾಯಲಿಲ್ಲ.

ಲೋಕವು ಇದನ್ನು ಪವಾಡವೆಂದಿತು. ಆದರೆ ಬದುಕಿಬಂದ ಮಕ್ಕಳು ತಮ್ಮ ಅಭ್ಯಾಸವನ್ನು ಕೊಂಡಾಡಿದರು. ಹಡಗನ್ನು ತೊರೆಯಬೇಕಾದಾಗ ಯಾರು ಎಲ್ಲಿಗೆ ಹೋಗಬೇಕು, ಏನನ್ನು ಕೈಗೆ ತೆಗೆದುಕೊಳ್ಳಬೇಕು ಎಂಬುದನ್ನು ಅವರಿಂದ ಮತ್ತೆ ಮತ್ತೆ ಮಾಡಿಸಿದ್ದರು. ಆಪತ್ತು ನಿಜವಾಗಿ ಬಂದಾಗ ಬುದ್ಧಿಯು ತಬ್ಬಿಬ್ಬಾದರೂ ಕೈಕಾಲುಗಳು ದಾರಿಯನ್ನು ಬಲ್ಲುವು. ಇತ್ತ ಹಡಗಿನ ಕಪ್ತಾನನು, ಆ ಗಾಳಿಯು ಸಾಮಾನ್ಯವಾದುದಲ್ಲ, ಆಕಾಶದಿಂದ ನೇರವಾಗಿ ಕೆಳಕ್ಕೆ ಬಡಿಯುವ ಮೈಕ್ರೋಬರ್ಸ್ಟ್ ಎಂಬ ಅಪರೂಪದ ಗಾಳಿಯೆಂದು ಹೇಳಿದನು. ಈ ಎರಡು ಮಾತುಗಳನ್ನೂ ಒಟ್ಟಿಗೆ ನಂಬಿದವರೇ ಹೆಚ್ಚು: ಉಳಿದದ್ದು ಅಭ್ಯಾಸದಿಂದ, ಮುಳುಗಿದ್ದು ದೈವದಿಂದ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅರ್ಧಜರತೀಯ ನ್ಯಾಯವೆಂದು ಹೆಸರು. ಅರ್ಧ ಮುದುಕಿ, ಅರ್ಧ ತರುಣಿ ಎಂಬಂತೆ, ಒಂದೇ ಘಟನೆಯಲ್ಲಿ ಬೇಕಾದ ಭಾಗವನ್ನು ಮನುಷ್ಯನ ಲೆಕ್ಕಕ್ಕೂ ಬೇಡವಾದ ಭಾಗವನ್ನು ದೈವದ ಲೆಕ್ಕಕ್ಕೂ ಬರೆಯುವುದು. ಕಡಲಿಗೆ ಹೋಗದವರ ಮನೆಗಳಲ್ಲಿಯೂ ಈ ಲೆಕ್ಕಪತ್ರವು ನಿತ್ಯವೂ ನಡೆಯುತ್ತದೆ. ಮಗನು ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಅವನ ಜಾಣತನ, ತೇರ್ಗಡೆಯಾಗದಿದ್ದರೆ ಗ್ರಹಚಾರ!

ಕೆನಡಾ ದೇಶದ ಸಾರಿಗೆ ಸುರಕ್ಷಾ ಮಂಡಲಿಯು ಈ ಪ್ರಸಂಗವನ್ನು ವಿಚಾರಣೆಮಾಡಿ 2011ರಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. ಗಾಳಿಯು ಬಲವಾಗಿದ್ದುದೇನೋ ದಿಟ, ಆದರೆ ಅದು ಅಸಾಧಾರಣವಾದುದಾಗಿರಲಿಲ್ಲ ಎಂಬುದು ವರದಿಯ ನಿರ್ಣಯ. ಸಮೀಪಿಸುತ್ತಿದ್ದ ಗಾಳಿಮಳೆಯಿಂದ ಹಡಗಿಗೆ ಎಷ್ಟು ಅಪಾಯವಿದೆಯೆಂಬುದು ಆ ಹೊತ್ತಿನಲ್ಲಿ ಪಹರೆಯಲ್ಲಿದ್ದ ಅಧಿಕಾರಿಗೆ ತಿಳಿಯಲಿಲ್ಲ. ಆದುದರಿಂದ ಗಾಳಿಯ ಹೊಡೆತವನ್ನು ತಗ್ಗಿಸುವ ಕ್ರಮಗಳನ್ನು ಸಕಾಲದಲ್ಲಿ ಕೈಗೊಳ್ಳಲಿಲ್ಲ. ನೀರು ಬಾರದಂತೆ ಮುಚ್ಚಿರಬೇಕಾದ ಬಾಗಿಲು ಮೊದಲಾದುವು ತೆರೆದಿದ್ದುವು. ಅಂಥ ಸಮಯದಲ್ಲಿ ಹಡಗು ಎಷ್ಟರಮಟ್ಟಿಗೆ ವಾಲಬಹುದೆಂಬುದನ್ನು ತಿಳಿಸುವ ಪುಟಗಳು ಹಡಗಿನ ಸ್ಥಿರತೆಯ ಪುಸ್ತಕದಲ್ಲಿಯೇ ಇದ್ದುವು. ಅವುಗಳ ಬಳಕೆ ಅಧಿಕಾರಿಗಳಿಗೆ ಪರಿಚಿತವಾಗಿರಲಿಲ್ಲ.

ಆ ಪುಟಗಳ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು. ವಿಚಾರದ ಕೀಲು ಅಲ್ಲಿದೆ. ಹಾಯಿಹಡಗು ಗಾಳಿಗೆ ವಾಲುವುದು ಸಹಜ. ತಳದಲ್ಲಿ ಇಟ್ಟ ಭಾರವು ಅದನ್ನು ಮತ್ತೆ ನಿಲ್ಲಿಸುತ್ತದೆ. ವಾಲಿದಷ್ಟೂ ಹಿಂದಕ್ಕೆಳೆಯುವ ಬಲವು ಮೊದಮೊದಲು ಹೆಚ್ಚುತ್ತದೆ, ಒಂದು ಮಟ್ಟದ ತರುವಾಯ ಕುಗ್ಗುತ್ತದೆ. ಅದಕ್ಕೂ ಮುಂಚೆಯೇ ತೆರೆದ ಬಾಗಿಲೊಂದರ ಹೊಸ್ತಿಲು ನೀರನ್ನು ಮುಟ್ಟಿದರೆ ಲೆಕ್ಕವೆಲ್ಲವೂ ಮುಗಿಯಿತು. ಇನ್ನು ಗಾಳಿಯ ವೇಗವು ಇಮ್ಮಡಿಯಾದರೆ ಅದರ ಒತ್ತಡವು ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಆದುದರಿಂದ ಮಂದವಾದ ಗಾಳಿಯಲ್ಲಿ ಸುಖವಾಗಿ ವಾಲಿಕೊಂಡು ಹೋಗುತ್ತಿರುವ ಹಡಗು, ಥಟ್ಟನೆ ಬಂದ ಬಿರುಸುಗಾಳಿಗೆ ಎಲ್ಲಿಯವರೆಗೆ ಬಾಗೀತೆಂಬುದನ್ನು ಕಣ್ಣಳತೆಯಿಂದ ಊಹಿಸುವುದು ಎಂಥ ಅನುಭವಿಗೂ ಕಷ್ಟ. 1984ರ ಜೂನ್ 3ರಂದು ಬರ್ಮುಡಾ ದ್ವೀಪದ ಬಳಿ ಮಾರ್ಕ್ವೆಸ್ ಎಂಬ ಹಾಯಿಹಡಗು, ಎಳೆಯ ಶಿಕ್ಷಾರ್ಥಿಗಳನ್ನೂ ಹೊತ್ತು ಪಂದ್ಯದಲ್ಲಿ ಸಾಗುತ್ತಿದ್ದಾಗ, ಇಂಥದೇ ಹೊಡೆತಕ್ಕೆ ಸಿಕ್ಕಿ ಮುಳುಗಿತು. 28 ಜನರಲ್ಲಿ 19 ಮಂದಿ ಸತ್ತರು. ಅದರ ತರುವಾಯ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ವುಲ್ಫ್‌ಸನ್ ಘಟಕದವರು ಹಾಯಿಹಡಗುಗಳ ಸ್ಥಿರತೆಯನ್ನು ಶೋಧಿಸಿ, ಈಗಿನ ಗಾಳಿಯಲ್ಲಿ ಇಷ್ಟು ವಾಲಿದ್ದರೆ ಮುಂದೆ ಇಷ್ಟು ಬಲದ ಹೊಡೆತವನ್ನು ತಾಳಬಹುದು, ಅದಕ್ಕೆ ಮೀರಿದುದನ್ನು ತಾಳಲಾರದು ಎಂದು ತೋರಿಸುವ ರೇಖಾಚಿತ್ರಗಳ ವಿಧಾನವನ್ನು ಏರ್ಪಡಿಸಿದರು. ಹತ್ತೊಂಬತ್ತು ಪ್ರಾಣಗಳ ಬೆಲೆಯನ್ನು ತೆತ್ತು ಪಡೆದ ಆ ವಿದ್ಯೆ ಕಾನ್ಕಾರ್ಡಿಯಾ ಹಡಗಿನೊಳಗೆ ಪುಸ್ತಕರೂಪವಾಗಿ ಇತ್ತು. ಹೊತ್ತಗೆಯೊಳಗೇ ಉಳಿದ ವಿದ್ಯೆಯನ್ನು ಕುರಿತ ಸುಭಾಷಿತವನ್ನು ಪಾಠಶಾಲೆಯ ಮಕ್ಕಳೆಲ್ಲರೂ ಬಾಯಿಪಾಠಮಾಡುತ್ತಾರೆ. ಆ ಸುಭಾಷಿತವೂ ಬಹುಮಟ್ಟಿಗೆ ಹೊತ್ತಗೆಯಲ್ಲಿಯೇ ಉಳಿದಿದೆಯೆಂಬುದು ಬೇರೆಯ ಮಾತು.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ, ಯಾವುದೊಂದು ಕರ್ಮವು ನಡೆಯಬೇಕಾದರೂ ಐದು ಕಾರಣಗಳು ಕೂಡಬೇಕೆಂದು ಹೇಳಿದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಭಾಷ್ಯಕಾರರಲ್ಲಿ ಶಂಕರರು ಇಲ್ಲಿಯ ದೈವವನ್ನು ಇಂದ್ರಿಯಗಳಿಗೆ ಅನುಗ್ರಾಹಕರಾದ ಆದಿತ್ಯಾದಿ ದೇವತೆಗಳೆಂದೂ, ರಾಮಾನುಜರು ಅಂತರ್ಯಾಮಿಯಾದ ಪರಮಾತ್ಮನೆಂದೂ ಅರ್ಥಮಾಡುತ್ತಾರೆ. ಅಧಿಷ್ಠಾನವೆಂದರೆ ಅಲ್ಲಿ ಶರೀರ. ಇದನ್ನು ಹಡಗಿಗೆ ಅನ್ವಯಿಸುವುದು ಮೂಲವನ್ನು ಸ್ವಲ್ಪ ಎಳೆದಂತೆಯೇ ಸರಿ; ಆದರೂ ಎಳೆತಕ್ಕೆ ಅದು ಹರಿಯುವುದಿಲ್ಲ. ಹಡಗಿನ ಒಡಲು ಅಧಿಷ್ಠಾನ. ಪಹರೆಯಲ್ಲಿ ನಿಂತವನು ಕರ್ತೃ. ಹಾಯಿ, ಚುಕ್ಕಾಣಿ, ಬಾಗಿಲು, ಪುಸ್ತಕ ಇವು ಕರಣಗಳು. ಹಾಯಿಯನ್ನಿಳಿಸುವುದು, ದಿಕ್ಕನ್ನು ತಿರುಗಿಸುವುದು, ಬಾಗಿಲನ್ನು ಮುಚ್ಚುವುದು ಚೇಷ್ಟೆ. ಗಾಳಿಯನ್ನು ಇಷ್ಟಬಂದರೆ ದೈವವೆನ್ನಬಹುದು. ಗಮನಿಸಬೇಕಾದುದೇನೆಂದರೆ, ಗೀತೆಯು ದೈವವನ್ನು ಬಿಡಲೂ ಇಲ್ಲ, ಮೊದಲಿಗೆ ತಂದು ನಿಲ್ಲಿಸಲೂ ಇಲ್ಲ, ಐದನೆಯದಾಗಿ ಎಣಿಸಿದೆ. ಉಳಿದ ನಾಲ್ಕನ್ನೂ ನೋಡದೆ ಐದನೆಯದಕ್ಕೆ ಹಾರುವವನು ಆಸ್ತಿಕನಲ್ಲ, ಸೋಮಾರಿ. ಕೇವಲ ತಾನೊಬ್ಬನೇ ಕರ್ತೃವೆಂದು ತಿಳಿಯುವವನಿಗೆ ತಿಳಿವಿಲ್ಲವೆಂದು ಅದೇ ಅಧ್ಯಾಯವು ಹೇಳುತ್ತದಾಗಿ, ತಪ್ಪನ್ನೆಲ್ಲ ಒಬ್ಬ ಅಧಿಕಾರಿಯ ತಲೆಯ ಮೇಲೆ ಹೊರಿಸುವವರಿಗೂ ಅಲ್ಲಿ ಆಶ್ರಯವಿಲ್ಲ.

ಗಾಳಿಯೂ ಹಡಗೂ ಆ ಕ್ಷಣದಲ್ಲಿ ಕೂಡಿದ್ದು ಕಾಕತಾಲೀಯವಲ್ಲವೇ ಎಂದು ಕೇಳಬಹುದು. ಕಾಗೆ ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧವಿಲ್ಲವೆಂಬುದೇ ಆ ನ್ಯಾಯದ ಜೀವಾಳ. ಇಲ್ಲಿ ಹಾಗಲ್ಲ. ಆ ಕಡಲಿನಲ್ಲಿ ಅಂಥ ಗಾಳಿ ಬರುವುದುಂಟು, ಅದು ಬರುವುದು ಕಣ್ಣಿಗೆ ಕಾಣುವುದುಂಟು, ಬಂದಾಗ ಮಾಡತಕ್ಕ ಕಾರ್ಯವೂ ಉಂಟು. ಬರುವುದೆಂದು ತಿಳಿದಿರುವ ಅತಿಥಿಗೆ ಬಾಗಿಲ ಚಿಲಕವನ್ನು ಪರೀಕ್ಷಿಸದಿದ್ದರೆ ಅದನ್ನು ಆಕಸ್ಮಿಕವೆನ್ನಲಾಗದು.

ಇಷ್ಟರವರೆಗೆ ವಿಚಾರವು ಸುಲಭ. ಒಬ್ಬರೂ ಸಾಯದ ಪ್ರಸಂಗದಲ್ಲಿ ನ್ಯಾಯವನ್ನು ಹೇಳುವುದು ಯಾವಾಗಲೂ ಸುಲಭವೇ. ಇನ್ನೊಂದು ಪ್ರಸಂಗವು ಇಷ್ಟು ಸುಲಭವಾಗಿ ಬಿಡುವುದಿಲ್ಲ.

ಆಲ್ಬಟ್ರಾಸ್ ಎಂಬ ಹಡಗು 1920ರಲ್ಲಿ ಹಾಲೆಂಡಿನಲ್ಲಿ ಹುಟ್ಟಿದ್ದು. ಅನೇಕ ಕೈಗಳನ್ನು ದಾಟಿ, 1959ರಲ್ಲಿ ಅಮೆರಿಕದ ಕ್ರಿಸ್ಟೋಫರ್ ಶೆಲ್ಡನ್ ಎಂಬವರ ಸಮುದ್ರವಿದ್ಯಾಲಯಕ್ಕೆ ಸೇರಿತು. 1960-61ರ ಪ್ರವಾಸದಲ್ಲಿ ಹರೆಯದ ಹುಡುಗರು ಅದರಲ್ಲಿ ಕ್ಯಾರಿಬಿಯನ್ ಕಡಲನ್ನೂ ಅದರಾಚೆಯ ಗಲಾಪಗೋಸ್ ದ್ವೀಪಗಳನ್ನೂ ಕಂಡುಬಂದರು. ಮೆಕ್ಸಿಕೋ ದೇಶದ ಪ್ರೊಗ್ರೆಸೊ ಬಂದರದಿಂದ ಬಹಾಮಾಸಿನ ನಸ್ಸಾವಿಗೆ ಹಿಂದಿರುಗುವಾಗ, 1961ರ ಮೇ 2ರ ಬೆಳಗ್ಗೆ, ಗಾಳಿಯ ಹೊಡೆತಕ್ಕೆ ಹಡಗು ಒರಗಿ ಕೆಲವೇ ಕ್ಷಣಗಳಲ್ಲಿ ಮುಳುಗಿತು. ಹತ್ತೊಂಬತ್ತು ಜನರಲ್ಲಿ ಹದಿಮೂವರು ದೋಣಿಗಳಲ್ಲಿ ಉಳಿದರು. ಗ್ರಾನ್ ರಿಯೋ ಎಂಬ ಡಚ್ಚರ ಹಡಗು ಅವರನ್ನು ಟ್ಯಾಂಪಾ ಪಟ್ಟಣಕ್ಕೆ ತಲುಪಿಸಿತು. ಸತ್ತ ಆರು ಮಂದಿಯಲ್ಲಿ ನಾಲ್ವರು ವಿದ್ಯಾರ್ಥಿಗಳು, ಒಬ್ಬನು ಅಡಿಗೆಯವನು, ಇನ್ನೊಬ್ಬರು ಹಡಗಿನ ವೈದ್ಯೆಯಾಗಿದ್ದ ಕಪ್ತಾನನ ಹೆಂಡತಿ. ಬಂದುದು ಬಿಳಿಯ ಬಿರುಗಾಳಿ, ಮುನ್ಸೂಚನೆಯೇ ಇಲ್ಲದೆ ಎರಗುವ ಗಾಳಿ ಎಂದು ಕಪ್ತಾನನು ಹೇಳಿದನು. 1996ರಲ್ಲಿ ಆ ಗಾಳಿಯ ಹೆಸರಿನಿಂದಲೇ ಒಂದು ಚಲನಚಿತ್ರವೂ ಬಂದಿತು. 2003ರಲ್ಲಿ ಡೇನಿಯಲ್ ಪ್ಯಾರಟ್ ಎಂಬವರು ಮುಳುಗಿದ ಹಾಯಿಹಡಗುಗಳನ್ನು ಕುರಿತ ತಮ್ಮ ಗ್ರಂಥದಲ್ಲಿ, ಗಾಳಿಗಿಂತ ಹೆಚ್ಚಾಗಿ ಹಡಗಿನ ಸ್ವಂತ ಸ್ಥಿರತೆಯನ್ನೇ ಪರೀಕ್ಷೆಗೆ ಒಡ್ಡಿದರು.

ಹೆಂಡತಿಯನ್ನೂ ಶಿಷ್ಯರನ್ನೂ ಒಂದೇ ಬೆಳಗ್ಗೆ ಕಳೆದುಕೊಂಡವನ ಮುಂದೆ ನಿಂತು, "ಅದು ದೈವವಲ್ಲ, ನಿನ್ನ ಹಡಗು ಸರಿಯಾಗಿರಲಿಲ್ಲ" ಎನ್ನುವ ಎದೆ ಯಾರಿಗಿದೆ? ಇದ್ದರೂ ಅದು ಸತ್ಯನಿಷ್ಠೆಯೋ, ಕ್ರೌರ್ಯವೋ? ಇಲ್ಲಿ ದೈವವೆಂಬ ಮಾತಿಗೆ ಒಂದು ಧರ್ಮವುಂಟೆಂದು ಒಪ್ಪಲೇಬೇಕಾಗುತ್ತದೆ. ಮಾಡಿದುದನ್ನು ಮತ್ತೆ ಮಾಡಲಾಗದು. ನಾಲ್ಕು ಕಾರಣಗಳನ್ನು ತಿದ್ದುವ ಅಧಿಕಾರವು ಕೈತಪ್ಪಿಹೋದವನಿಗೆ ಐದನೆಯದೊಂದೇ ಉಳಿದಿರುತ್ತದೆ. ಅದನ್ನೂ ಕಿತ್ತುಕೊಂಡರೆ ಅವನು ಬದುಕುವುದೆಂತು? ಆದರೆ ಅದೇ ಮಾತನ್ನು, ನಾಳೆ ಮತ್ತೊಂದು ಹಡಗಿನ ಹಾಯಿಯನ್ನೆತ್ತುವವನು ಆಡತಕ್ಕದ್ದಲ್ಲ. ಅವನಿಗೆ ನಾಲ್ಕು ಕಾರಣಗಳೂ ಕೈಯಲ್ಲಿವೆ. ಔಷಧಿಗೆ ರೋಗಿಯ ಭೇದವಿರುವಂತೆ ಈ ಮಾತಿಗೂ ಅಧಿಕಾರಿಭೇದವುಂಟು: ನೊಂದವನಿಗೆ ಪಥ್ಯ, ಹೊರಡುವವನಿಗೆ ಅಪಥ್ಯ. ತೊಡಕೇನೆಂದರೆ, ನೊಂದವರೆಂದರೆ ಕಪ್ತಾನನೊಬ್ಬನೇ ಅಲ್ಲ. ಆ ನಾಲ್ವರು ಹುಡುಗರ ತಾಯಿತಂದೆಗಳೂ ಇದ್ದರು. ಅವರಿಗೆ ಯಾವುದು ಪಥ್ಯ? ಮಗನ ಸಾವಿಗೆ ಗಾಳಿಯೇ ಕಾರಣವೆಂದು ನಂಬಿ ಸಮಾಧಾನಗೊಳ್ಳುವ ತಾಯಿಯಿರಬಹುದು. ಕಾರಣವು ತಿಳಿಯುವವರೆಗೂ ಅನ್ನವು ಗಂಟಲಿನಲ್ಲಿಳಿಯದ ತಂದೆಯಿರಬಹುದು. ಒಬ್ಬರ ಸಾಂತ್ವನಕ್ಕಾಗಿ ಇನ್ನೊಬ್ಬರ ವಿಚಾರಣೆಯನ್ನು ತಡೆಯುವುದು ನ್ಯಾಯವಲ್ಲ. ಆದುದರಿಂದ ಸಾಂತ್ವನವನ್ನು ಬಂಧುಗಳೂ, ವಿಚಾರಣೆಯನ್ನು ಸಂಬಂಧವಿಲ್ಲದ ಮೂರನೆಯವರೂ ಮಾಡತಕ್ಕದ್ದು. ಎರಡನ್ನೂ ಒಬ್ಬನ ಬಾಯಿಂದಲೇ ಹೇಳಿಸಹೊರಟರೆ ಎರಡೂ ಕೆಡುತ್ತವೆ. ಅಮೆರಿಕದಲ್ಲಿ ಹಡಗಿನ ಶಾಲೆಗಳಿಗಾಗಿ ಪ್ರತ್ಯೇಕವಾದ ಕಾಯಿದೆಯೊಂದು ಬರುವುದಕ್ಕೆ 1982ರವರೆಗೆ ಕಾಯಬೇಕಾಯಿತು.

ಇಷ್ಟೆಲ್ಲ ಅಪಾಯವಿರುವಲ್ಲಿಗೆ ಮಕ್ಕಳನ್ನು ಕಳುಹಿಸುವುದೇಕೆ ಎನ್ನುವವರು ಉಂಟು. ಬೋಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪಾತಿತ್ಯಕ್ಕೆ ಕಾರಣವಾದ ಕರ್ಮಗಳಲ್ಲಿ ಸೇರಿಸಿದೆಯೆಂದು ನೆನಪುಮಾಡುವವರೂ ಉಂಟು. ಅದೇ ಸೂತ್ರಕಾರನು ಸಮುದ್ರಯಾನವನ್ನು ಉತ್ತರದೇಶದವರ ಆಚಾರಗಳಲ್ಲಿ ಒಂದೆಂದೂ ಎಣಿಸಿದ್ದಾನೆ. ಎಂದಮೇಲೆ ಆಗಲೂ ಹೋಗುವವರು ಹೋಗುತ್ತಲೇ ಇದ್ದರೆಂದಾಯಿತು. ನಿಷೇಧದ ಚರ್ಚೆ ಇಲ್ಲಿಗೆ ಸಾಕು. ಮಕ್ಕಳಿಗೆ ಅಪಾಯವೇ ಇಲ್ಲದ ವಿದ್ಯೆಯನ್ನು ಕೊಡುತ್ತೇವೆನ್ನುವವರು ಈಜನ್ನೂ ಕಲಿಸಲಾರರು. ತೆಪ್ಪದಲ್ಲಿ ನಲವತ್ತು ಗಂಟೆಗಳ ಕಾಲ ಒಬ್ಬರನ್ನೊಬ್ಬರು ಕಾದುಕೊಂಡ ಆ ನಲವತ್ತೆಂಟು ಮಂದಿಯಲ್ಲಿ ಕಂಡ ಧೈರ್ಯವು ಆ ಕ್ಷಣದಲ್ಲಿ ಹುಟ್ಟಿದುದಲ್ಲ. ಹಗ್ಗವನ್ನೆಳೆಯುತ್ತ, ಬೇಸರದ ಕವಾಯತನ್ನು ಮತ್ತೆ ಮತ್ತೆ ಮಾಡುತ್ತ ಸಂಗ್ರಹಿಸಿದ್ದು. ಆ ಸಂಸ್ಥೆಯು ಅನಂತರ ಬೇರೆ ಹಡಗುಗಳಲ್ಲಿ ಪಾಠವನ್ನು ಮುಂದುವರಿಸಿದ್ದು ತಪ್ಪೆಂದು ತೋರುವುದಿಲ್ಲ. ಅಪಾಯಕ್ಕೆ ಮಕ್ಕಳನ್ನು ಒಡ್ಡಬಹುದು, ಅಜ್ಞಾನಕ್ಕೆ ಒಡ್ಡತಕ್ಕದ್ದಲ್ಲ. ಇವೆರಡರ ಗಡಿಯು ಪುಸ್ತಕದಲ್ಲಿ ಬರೆದಷ್ಟು ಸ್ಪಷ್ಟವಾಗಿ ಹಡಗಿನಲ್ಲಿ ಕಾಣುವುದಿಲ್ಲವೆಂಬುದೇ ಕಷ್ಟ.

ಉಳಿದಿರುವವನು ಪಹರೆಯಲ್ಲಿ ನಿಂತಿದ್ದ ಅಧಿಕಾರಿ. ಅವನು ನಿದ್ದೆಹೋಗಿರಲಿಲ್ಲ, ಕುಡಿದಿರಲಿಲ್ಲ, ತನ್ನ ಸ್ಥಳವನ್ನು ಬಿಟ್ಟಿರಲಿಲ್ಲ. ಅವನಿಗೆ ತಿಳಿದಿರಲಿಲ್ಲ, ಅಷ್ಟೆ. ನಮ್ಮ ಪ್ರಾಯಶ್ಚಿತ್ತಶಾಸ್ತ್ರವು ತಿಳಿದು ಮಾಡಿದುದಕ್ಕೂ ತಿಳಿಯದೆ ಮಾಡಿದುದಕ್ಕೂ ಭೇದವನ್ನು ಹೇಳುತ್ತದೆ. ಆದರೆ ತಿಳಿಯದೆ ಮಾಡಿದುದು ಏನೂ ಅಲ್ಲವೆಂದು ಹೇಳುವುದಿಲ್ಲ. ಅಜ್ಞಾನವೂ ಒಂದೇ ಬಗೆಯದಲ್ಲ. ಯಾರಿಗೂ ತಿಳಿಯದಿರುವುದು ಒಂದು. ಕೈಯಳತೆಯಲ್ಲಿದ್ದರೂ ಯಾರೂ ಓದಿಸದೆ ಹೋದುದರಿಂದ ತಿಳಿಯದಿರುವುದು ಇನ್ನೊಂದು. ಎರಡನೆಯದರಲ್ಲಿ ಓದದವನ ಪಾಲಿಗಿಂತ ಓದಿಸಬೇಕಾಗಿದ್ದವರ ಪಾಲು ದೊಡ್ಡದು. ಅವನಿಗೆ ಅಧಿಕಾರವನ್ನು ಕೊಟ್ಟ ಪರೀಕ್ಷೆಗಳಾವುವೂ ಆ ಪುಟಗಳನ್ನು ಕಡ್ಡಾಯವಾಗಿ ಕೇಳುತ್ತಿರಲಿಲ್ಲ. ಮಕ್ಕಳಿಗೆ ತೆಪ್ಪಕ್ಕಿಳಿಯುವ ಅಭ್ಯಾಸವನ್ನು ಕೈಕಾಲಿಗೆ ಬರುವಂತೆ ಮಾಡಿಸಿದ ಹಡಗಿನಲ್ಲಿಯೇ, ತೆಪ್ಪಕ್ಕಿಳಿಯುವ ಹೊತ್ತು ಬಾರದಂತೆ ನೋಡಿಕೊಳ್ಳುವ ಅಭ್ಯಾಸವು ದೊಡ್ಡವರ ಕೈಗೆ ಬಂದಿರಲಿಲ್ಲ.

ಕೆನಡಾದ ಆ ಮಂಡಲಿಯ ವರದಿಗಳಲ್ಲಿ ಒಂದು ನಿಯಮವುಂಟು: ತಪ್ಪನ್ನು ಹೊರಿಸುವುದಾಗಲಿ, ಹೊಣೆಯನ್ನು ನಿರ್ಣಯಿಸುವುದಾಗಲಿ ತನ್ನ ಕೆಲಸವಲ್ಲವೆಂದು ಅದು ಹೇಳಿಕೊಳ್ಳುತ್ತದೆ. ಈ ಪ್ರಸಂಗದಲ್ಲಿಯೂ ಅದು ಅಧಿಕಾರಿಯನ್ನು ದಂಡಿಸಹೋಗಲಿಲ್ಲ. ಶಿಕ್ಷಣದ ಹಾಯಿಹಡಗುಗಳ ಅಧಿಕಾರಿಗಳಿಗೆ ಸ್ಥಿರತೆಯ ಮಾರ್ಗದರ್ಶನವನ್ನು ಒದಗಿಸುವ ವಿಷಯದಲ್ಲಿಯೂ, ಅದನ್ನು ಬಳಸುವ ಶಿಕ್ಷಣವನ್ನು ಅವರಿಗೆ ಕೊಡುವ ವಿಷಯದಲ್ಲಿಯೂ ಎಲ್ಲ ದೇಶಗಳೂ ಒಪ್ಪಿದ ಕಟ್ಟಳೆಗಳು ಏರ್ಪಡುವಂತೆ ಯತ್ನಿಸಬೇಕೆಂದು ತನ್ನ ದೇಶದ ಸರ್ಕಾರಕ್ಕೆ ಸಲಹೆಕೊಟ್ಟಿತು.